ದ್ರಾಕ್ಷಿಗೆ ಗಡಿಯಿಲ್ಲ, ವೈನಿಗೆ ಇದೆ

ಪ್ರಶ್ನೆ: ನಮಸ್ಕಾರ್ರೀ ಸರ. ನಮ್ದು ವಿಜಯಪುರ ಜಿಲ್ಲಾ, ತಿಕೋಟಾ ಭಾಗ. ಆರು ಎಕರೆ ದ್ರಾಕ್ಷಿ ಐತಿ. ಎಲ್ಲಾ ಥಾಮ್ಸನ್ ತಳಿ, ಮಣೂಕ (ಒಣದ್ರಾಕ್ಷಿ) ಮಾಡ್ತೀವಿ. ಒಂದ್ ವರ್ಷ ರೇಟ್ ಇದ್ರ ಎರಡ್ ವರ್ಷ ಇರಂಗಿಲ್ಲ. ಮಗ ಬೆಂಗಳೂರಾಗ ಓದಿ ಬಂದಾನ. ‘ಅಪ್ಪಾ, ನಾವ ಒಂದು ಸಣ್ಣ ಫ್ಯಾಕ್ಟರಿ ಹಾಕೋಣ. ವೈನ್ ಇಲ್ಲಾ ಬಿಯರ್, ಇಲ್ಲಾ ಬ್ರಾಂಡಿ. ಲೈಸೆನ್ಸ್ ಎಲ್ಲಾದಕ್ಕೂ ಒಂದ ಇರ್ತೈತಿ’ ಅಂತಾನ. ಖರೇನ ಏನ್ರಿ? ರೈತರಾದ ನಮಗ ಇದ್ರಾಗ ಯಾವ್ದು ಆಗ್ತೈತಿ? ನಮ್ಮವ್ವ ಮಾತ್ರ ‘ದಾರೂ ಕೆಲಸ ಮನೀಗೆ ಬ್ಯಾಡ’ ಅಂತ ಕುಂತಾಳ.

ಉತ್ತರ: ನಮಸ್ಕಾರ. ಮೊದಲು ಮಗನ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ಲೈಸೆನ್ಸ್ ಒಂದೇ ಅಲ್ಲ. ಕಾಯ್ದೆ ಒಂದೇ, 1965ರ ಕರ್ನಾಟಕ ಅಬಕಾರಿ ಕಾಯ್ದೆ. ಅದರ ಕೆಳಗೆ ಮೂರಕ್ಕೂ ಬೇರೆ ಬೇರೆ ನಿಯಮಗಳಿವೆ. ಭಟ್ಟಿ ಇಳಿಸುವ ಡಿಸ್ಟಿಲರಿಗೆ 1967ರದ್ದು, ಬಿಯರ್ ಮಾಡುವ ಬ್ರುವರಿಗೆ ಅದೇ ವರ್ಷದ ಇನ್ನೊಂದು, ದ್ರಾಕ್ಷಿಯಿಂದ ವೈನ್ ತಯಾರಿಸುವುದಕ್ಕೆ 1968ರದ್ದು. ಒಂದರ ಲೈಸೆನ್ಸ್ ಇಟ್ಟುಕೊಂಡು ಇನ್ನೊಂದು ಮಾಡುವ ಹಾಗಿಲ್ಲ. ವೈನರಿಯವರು ತಮ್ಮ ಸ್ವಂತ ತೋಟದ, ತಾವೇ ಮಾಡಿದ ವೈನನ್ನು ಭಟ್ಟಿ ಇಳಿಸಿ ಬ್ರಾಂಡಿ ಮಾಡಿದರೂ ಕೇಸು ಬೀಳುತ್ತದೆ. ಭಟ್ಟಿ ಇಳಿಸಿದ ಕೂಡಲೇ ಅದು ಡಿಸ್ಟಿಲರಿ ಕೆಲಸ ಆಗಿಹೋಗುತ್ತದೆ.

ಆರು ಎಕರೆ ದ್ರಾಕ್ಷಿ ಇರುವ ರೈತರಿಗೆ ಈ ಮೂರರಲ್ಲಿ ಕೈಗೆ ಎಟುಕುವುದು ವೈನ್ ಒಂದೇ. ಅದೂ ಈ ವರ್ಷವೇ ಆಗುವ ಕೆಲಸವಲ್ಲ, ನಿಮ್ಮ ಈಗಿನ ಹಣ್ಣಿನಿಂದ ಆಗುವ ಕೆಲಸವೂ ಅಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಮಗನನ್ನೂ ಕೂರಿಸಿಕೊಂಡು ಓದಿ. ನಾನು ಎರಡು ವರ್ಷ ಡಿಸ್ಟಿಲರಿಯ ಲ್ಯಾಬಿನಲ್ಲಿ, ಆಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ವೈನರಿಗಳಲ್ಲಿ ಕೆಲಸ ಮಾಡಿದವನು. ಇಲ್ಲಿ ಬರೆಯುತ್ತಿರುವುದು ಆ ಅನುಭವದ ಮೇಲೆ.

ಬಿಯರಿನಿಂದ ಶುರು ಮಾಡೋಣ. ಅದರ ಮೂಲ ಕೆಲಸ ನಿಮ್ಮ ಮನೆಯ ಹೆಂಗಸರಿಗೆ ಗೊತ್ತಿರುವುದೇ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದಮೇಲೆ ಒಣಗಿಸಿ ಬೀಸಿದರೆ ರಾಗಿ ಮಾಲ್ಟ್. ಮೊಳಕೆ ಬಂದ ರಾಗಿ ಸ್ವಲ್ಪ ಸಿಹಿ ಇರುತ್ತದೆ, ಅಲ್ವಾ? ಕಾಳಿನ ಒಳಗಿನ ಹಿಟ್ಟು ಸಕ್ಕರೆ ಆಗೋದಕ್ಕೆ ಶುರುವಾಗಿರುತ್ತದೆ. ಅದನ್ನೇ ಬಾರ್ಲಿಯಲ್ಲಿ ಮಾಡಿ, ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ನೆನೆಸಿ ಸಿಹಿ ನೀರು ತೆಗೆಯುತ್ತಾರೆ. ಹಾಪ್ಸ್ ಅನ್ನುವ ಕಹಿ ಹೂವು ಹಾಕಿ ಕುದಿಸಿ, ತಣ್ಣಗೆ ಮಾಡಿ ಯೀಸ್ಟ್ ಬಿಟ್ಟರೆ ಕೆಲವು ದಿನಗಳಲ್ಲಿ ಬಿಯರ್. ಇದರಲ್ಲಿ ನಿಮ್ಮ ಹೊಲದ್ದು ಏನೂ ಬರುವುದಿಲ್ಲ. ಬಾರ್ಲಿ ಬರುವುದು ರಾಜಸ್ಥಾನ, ಹರಿಯಾಣ, ಪಂಜಾಬ್ ಕಡೆಯಿಂದ. ಹಾಪ್ಸ್ ಹೊರದೇಶದ್ದು. ಒಂದು ಲೀಟರ್ ಬಿಯರಿಗೆ ತೊಳೆಯುವುದು, ತಣ್ಣಗೆ ಮಾಡುವುದು ಎಲ್ಲಾ ಸೇರಿ ಮೂರು ನಾಲ್ಕು ಲೀಟರ್ ನೀರು ಬೇಕೇ ಬೇಕು. ದೊಡ್ಡ ಬಿಯರ್ ಕಾರ್ಖಾನೆಗಳು ಮೈಸೂರು, ನಂಜನಗೂಡು ಕಡೆ ಕೂತಿರುವುದು ಸುಮ್ನೆ ಅಲ್ಲ. ಅಲ್ಲಿ ನದಿ ನೀರು ಇದೆ.

ಬೆಂಗಳೂರಿಗೆ ಈ ಕಸುಬು ಬಹಳ ಹಳೆಯದು. ದಂಡಿನ ಸಿಪಾಯಿಗಳಿಗೆ ಬಿಯರ್ ಕುದಿಸುತ್ತಿದ್ದ ಕಾಲದಿಂದ ಬಂದದ್ದು. ಥಾಮಸ್ ಲೀಶ್‌ಮನ್ ಅನ್ನುವವರು 1915ರಲ್ಲಿ ದಕ್ಷಿಣ ಭಾರತದ ಕೆಲವು ಸಣ್ಣ ಬ್ರುವರಿಗಳನ್ನು ಸೇರಿಸಿ ಯುನೈಟೆಡ್ ಬ್ರುವರೀಸ್ ಕಟ್ಟಿದರು. ಈಗ ಯುಬಿ ಸಿಟಿ ನಿಂತಿರುವ ಜಾಗದಲ್ಲಿ ಮೊದಲು ಅವರ ಬಿಯರ್ ಕಾರ್ಖಾನೆಯೇ ಇತ್ತು. 2021ರಿಂದ ಆ ಕಂಪನಿಯ ಹಿಡಿತ ಡಚ್ಚರ ಹೈನೆಕೆನ್ ಕೈಯಲ್ಲಿದೆ. ಈ ಆಟ ಎಷ್ಟು ದೊಡ್ಡದು ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ.

ನಿಮ್ಮ ಮಗ ಬೆಂಗಳೂರಿನಲ್ಲಿ ನೋಡಿರುವುದು ಬಹುಶಃ ಮೈಕ್ರೋಬ್ರುವರಿ. ಇಂದಿರಾನಗರದ ಟಾಯ್ಟ್ ಥರದ್ದು. ಗಾಜಿನ ಹಿಂದೆ ತಾಮ್ರದ ಬಣ್ಣದ ಟ್ಯಾಂಕು, ಮುಂದೆ ಮೇಜು ಕುರ್ಚಿ. 2010ರ ಸುಮಾರಿಗೆ ಸರ್ಕಾರ ಅದಕ್ಕೆ ದಾರಿ ಮಾಡಿಕೊಟ್ಟಿತು. ಆದರೆ ಅದು ಹೋಟೆಲ್ ವ್ಯಾಪಾರದ ಒಂದು ಭಾಗ. ಮೊದಲೇ ಬಾರ್, ಹೋಟೆಲ್, ಕ್ಲಬ್ಬಿನ ಲೈಸೆನ್ಸ್ ಇದ್ದವರು ಅದರ ಜೊತೆಗೆ ಇದನ್ನು ಪಡೆಯುತ್ತಾರೆ. ಅಲ್ಲೇ ಕುದಿಸಿ ಅಲ್ಲೇ ಗ್ಲಾಸಿಗೆ ಹಾಕಿ ಮಾರಬೇಕು. ಬಾಟಲಿ ತುಂಬಿ ಅಂಗಡಿಗೆ ಕಳಿಸುವಂತಿಲ್ಲ. ಶನಿವಾರ ರಾತ್ರಿ ನೂರಾರು ಜನ ಬಂದು ಕೂರುವ ಊರಿಗೆ ಸರಿ. ತೋಟದ ನಡುವೆ ನಡೆಯುವ ಕೆಲಸವಲ್ಲ.

ಇನ್ನು ಡಿಸ್ಟಿಲರಿ. ನಿಮ್ಮ ಕಡೆ ಸಕ್ಕರೆ ಕಾರ್ಖಾನೆಗಳ ಪಕ್ಕದಲ್ಲಿ ನೋಡಿರುತ್ತೀರಿ, ಎತ್ತರದ ಕಂಬದಂಥ ಉಕ್ಕಿನ ಕಾಲಂಗಳು. ಸಕ್ಕರೆ ತೆಗೆದು ಉಳಿದ ಕಾಕಂಬಿಗೆ ನೀರು ಬೆರೆಸಿ ಹುಳಿಯಿಸಿ, ಅದನ್ನು ಕಾಯಿಸಿ ಆವಿ ಹಿಡಿದು ನೂರಕ್ಕೆ 95, 96 ಭಾಗ ಸ್ಪಿರಿಟ್ ತೆಗೆಯುತ್ತಾರೆ. ಅಲ್ಲಿಂದ ಅದು ಎರಡು ದಾರಿ ಹಿಡಿಯುತ್ತದೆ. ಒಂದಷ್ಟು ಪೆಟ್ರೋಲಿಗೆ ಬೆರೆಸುವ ಇಥೆನಾಲ್ ಆಗುತ್ತದೆ. ಇನ್ನೊಂದಷ್ಟನ್ನು ಮತ್ತಷ್ಟು ಶುದ್ಧ ಮಾಡಿ ಕುಡಿಯುವ ಮದ್ಯ ಮಾಡುವವರಿಗೆ ಕೊಡುತ್ತಾರೆ. ಅವರು ನೀರು, ಬಣ್ಣ, ವಾಸನೆ ಸೇರಿಸಿ ಬಾಟಲಿ ತುಂಬುತ್ತಾರೆ. ನಮ್ಮ ರಾಜ್ಯದಲ್ಲಿ ವಿಸ್ಕಿ, ಬ್ರಾಂಡಿ, ರಮ್ ಅಂತ ಅಗ್ಗವಾಗಿ ಮಾರಾಟವಾಗುವುದರಲ್ಲಿ ಬಹುಪಾಲು ಹುಟ್ಟುವುದು ಹೀಗೆ. ಲೇಬಲ್ ಮೇಲೆ 42.8 ಅಂತ ಬರೆದಿರುವುದನ್ನು ನೋಡಿರಬಹುದು. ಅದು ಬ್ರಿಟಿಷರ ಹಳೆಯ ಪ್ರೂಫ್ ಲೆಕ್ಕದ ಉಳಿಕೆ. ಅವರ ನೂರು ಪ್ರೂಫ್ ಅಂದರೆ 57.1 ಭಾಗ ಆಲ್ಕೋಹಾಲ್. ಅದರ ಮುಕ್ಕಾಲು ಪಾಲು ಲೆಕ್ಕ ಹಾಕಿ, 42.8 ಬರುತ್ತದೆ. ಬ್ರಿಟಿಷರು ಹೋದರು, ಲೆಕ್ಕ ಉಳಿಯಿತು.

ಡಿಸ್ಟಿಲರಿ ರೈತನ ಕೆಲಸ ಅಲ್ಲ ಅಂತ ನಾನು ಹೇಳುವುದಕ್ಕೆ ದುಡ್ಡು ಒಂದೇ ಕಾರಣ ಅಲ್ಲ. ಒಂದು ಲೀಟರ್ ಸ್ಪಿರಿಟ್ ತೆಗೆದರೆ ಎಂಟು ಹತ್ತು ಲೀಟರ್ ಕಂದು ಬಣ್ಣದ ತ್ಯಾಜ್ಯ ನೀರು ಉಳಿಯುತ್ತದೆ. ಸ್ಪೆಂಟ್ ವಾಷ್ ಅಂತಾರೆ. ಲ್ಯಾಬಿನಲ್ಲಿದ್ದಾಗ ಅದರ ವಾಸನೆ ನನ್ನ ಶರ್ಟಿಗೆ ಎಷ್ಟು ಹತ್ತಿಕೊಂಡಿತ್ತೆಂದರೆ ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಕಡೆ ಹೋಗುತ್ತಿದ್ದರು. ಅದು ಒಂದು ಹಳ್ಳಕ್ಕೆ ಸೇರಿದರೆ ಮೀನು ಸಾಯುತ್ತವೆ, ಬಾವಿ ಕೆಡುತ್ತದೆ. ಹೊರಗೆ ಒಂದು ಹನಿಯೂ ಬಿಡದ ಹಾಗೆ ಅದನ್ನು ಒಣಗಿಸಬೇಕು, ಸುಡಬೇಕು, ಇಲ್ಲಾ ಗೊಬ್ಬರ ಮಾಡಬೇಕು. ಭಟ್ಟಿ ಇಳಿಸುವ ಯಂತ್ರಕ್ಕಿಂತ ಅದರ ಖರ್ಚೇ ಎದೆ ಒಡೆಸುತ್ತದೆ. ಜೊತೆಗೆ ಆವರಣದ ಒಳಗೇ ಅಬಕಾರಿ ಅಧಿಕಾರಿ ಇರುತ್ತಾರೆ. ಪ್ರತಿ ಟ್ಯಾಂಕಿಗೆ ಬೀಗ, ಪ್ರತಿ ಲೀಟರಿಗೆ ಲೆಕ್ಕ.

ಆದರೂ ಕರ್ನಾಟಕದ ಡಿಸ್ಟಿಲರಿ ಅಂದರೆ ನನಗೆ ಹೆಮ್ಮೆ ತರುವ ಒಂದು ಹೆಸರಿದೆ. ಹೇಳದೆ ಮುಂದೆ ಹೋಗಲಾರೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸನ್ನು ರಾಧಾಕೃಷ್ಣ ರಾವ್ ಜಗದಾಳೆ ಅವರು 1948ರಲ್ಲಿ ಶುರು ಮಾಡಿದರು. ಬಹಳ ವರ್ಷ ಎಲ್ಲರ ಹಾಗೆ ಬ್ರಾಂಡಿ, ರಮ್ ಮಾಡಿಕೊಂಡಿದ್ದ ಕಂಪನಿ. 2004ರಲ್ಲಿ ಬಾರ್ಲಿಯಿಂದಲೇ ಇಳಿಸಿದ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಅವರು ಮೊದಲು ಮಾರಾಟಕ್ಕೆ ಬಿಟ್ಟದ್ದು ಎಲ್ಲಿ ಗೊತ್ತಾ? ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ವಿಸ್ಕಿಯವರ ಮನೆ ಅಂಗಳದಲ್ಲೇ. 2010ರ ಹೊತ್ತಿಗೆ ಅವರ ಫ್ಯೂಷನ್ ವಿಸ್ಕಿಯ ಹೆಸರು ಲೋಕವೆಲ್ಲ ಹಬ್ಬಿತ್ತು. ನಮ್ಮ ಬಿಸಿಲು ಅವರಿಗೆ ಲಾಭವೂ ಹೌದು, ನಷ್ಟವೂ ಹೌದು. ಓಕ್ ಪೀಪಾಯಿಯಲ್ಲಿ ಇಟ್ಟ ವಿಸ್ಕಿ ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ನೂರಕ್ಕೆ ಎರಡು ಭಾಗ ಆವಿಯಾಗುತ್ತದೆ. ಬೆಂಗಳೂರಿನಲ್ಲಿ ಹತ್ತು ಹನ್ನೆರಡು ಭಾಗ. ಅಲ್ಲಿ ಹತ್ತು ಹನ್ನೆರಡು ವರ್ಷದಲ್ಲಿ ಬರುವ ಹದ ಇಲ್ಲಿ ನಾಲ್ಕೈದು ವರ್ಷಕ್ಕೇ ಬರುತ್ತದೆ. ಆದರೆ ಅಷ್ಟರಲ್ಲಿ ಪೀಪಾಯಿಯ ಅರ್ಧದ ಹತ್ತಿರ ಗಾಳಿಗೆ ಹೋಗಿರುತ್ತದೆ. ಅಷ್ಟು ವರ್ಷ ಕಾಯುವುದಕ್ಕೆ, ಅಷ್ಟು ಕಳೆದುಕೊಳ್ಳುವುದಕ್ಕೆ ಬೆನ್ನಹಿಂದೆ ಬೇರೆ ವ್ಯಾಪಾರ ಗಟ್ಟಿಯಾಗಿ ನಿಂತಿರಬೇಕು.

ಈಗ ನಿಮ್ಮ ದ್ರಾಕ್ಷಿಗೆ ಬರುತ್ತೇನೆ.

ದೊಡ್ಡಬಳ್ಳಾಪುರದ ಹತ್ತಿರ, ನಂದಿಬೆಟ್ಟದ ಬುಡದಲ್ಲಿ ಕನ್ವಲ್ ಗ್ರೋವರ್ ಅವರು 1988ರಲ್ಲಿ ಫ್ರೆಂಚ್ ತಳಿಯ ದ್ರಾಕ್ಷಿಯನ್ನಿಟ್ಟು ವೈನ್ ಕಂಪನಿ ಕಟ್ಟಿದಾಗ ಬಹಳ ಜನ ನಂಬಿರಲಿಲ್ಲ. ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್ ಅನ್ನುವ ವೈನ್ ತಜ್ಞರು ಅವರ ಜೊತೆಗಿದ್ದರು. ಎತ್ತರದ ಜಾಗ, ರಾತ್ರಿಯ ತಂಪು, ಕೆಂಪು ಮಣ್ಣು, ಇಷ್ಟನ್ನು ನೋಡಿಯೇ ಆ ಜಾಗ ಹಿಡಿದದ್ದು. ಆಮೇಲೆ 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ವೈನ್ ಮಂಡಳಿ ಬಂತು. ದಕ್ಷಿಣದ ನಂದಿ ಕಣಿವೆಯ ಜೊತೆಗೆ ಕೃಷ್ಣಾ ಕಣಿವೆ ಅಂತ ನಿಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳನ್ನೂ ವೈನ್ ಪ್ರದೇಶವಾಗಿ ಗುರುತಿಸಿದರು. ವೈನಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟರು.

ಅದೇ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ನಿಮಗೆ ನೆನಪಿರುತ್ತದೆ. ಒಂದೇ ವರ್ಷದಲ್ಲಿ ಸಾರಾಯಿಗೆ ಬಾಗಿಲು ಹಾಕಿ ವೈನಿಗೆ ಬಾಗಿಲು ತೆರೆದರು. ಇದರ ಬಗ್ಗೆ ಆಗ ಬೇಕಾದಷ್ಟು ಜಗಳ ನಡೆಯಿತು. ನನ್ನ ಅಭಿಪ್ರಾಯ ಹೇಳುತ್ತೇನೆ. ಸಾರಾಯಿಯಲ್ಲಿ ರೈತನಿಗೆ ಸಿಗುವುದು ಏನೂ ಇರಲಿಲ್ಲ. ಕೂಲಿಯವನ ದಿನದ ದುಡಿಮೆ ಹೋಗುತ್ತಿತ್ತು, ಅಷ್ಟೇ. ವೈನಿನಲ್ಲಿ ದ್ರಾಕ್ಷಿ ಬೆಳೆಯುವವನಿಗೆ ಒಂದು ಪಾಲಿದೆ. ಸರ್ಕಾರ ಇದನ್ನು ತೋಟಗಾರಿಕೆಯ ಜೊತೆ ಕಟ್ಟಿದ್ದು ಸರಿ ಅಂತಲೇ ನನಗೆ ಈಗಲೂ ಅನಿಸುತ್ತದೆ.

ಆದರೆ ಆ ಪಾಲು ಸಿಗಬೇಕಾದರೆ ಹಣ್ಣು ವೈನಿನ ಹಣ್ಣಾಗಿರಬೇಕು. ನಿಮ್ಮದು ಥಾಮ್ಸನ್. ನಾಲ್ಕು ಕೆಜಿ ಹಸಿ ಹಣ್ಣಿಗೆ ಒಂದು ಕೆಜಿ ಮಣೂಕ ಬರುತ್ತದೆ, ಆ ಲೆಕ್ಕ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮಣೂಕಕ್ಕೆ ಥಾಮ್ಸನ್ ಮುತ್ತು. ವೈನಿಗೆ ಬಂದಾಗ ತೊಂದರೆ ಶುರು. ಸಕ್ಕರೆ ಬೇಕಾದಷ್ಟು ಬರುತ್ತದೆ, ಆದರೆ ಹಣ್ಣಾಗುವ ಹೊತ್ತಿಗೆ ಹುಳಿ ಇಳಿದುಹೋಗಿರುತ್ತದೆ, ಪರಿಮಳವೂ ಕಮ್ಮಿ. ಹುಳಿ ಇಲ್ಲದ ವೈನ್ ಉಪ್ಪಿಲ್ಲದ ಸಾರಿನ ಹಾಗೆ. ಇನ್ನೊಂದು, ನೀವು ಕಾಳು ದಪ್ಪ ಆಗಲಿ ಅಂತ ಜಿಎ ಡಿಪ್ಪಿಂಗ್ (ಗೊನೆಯನ್ನು ಜಿಬ್ಬರೆಲಿಕ್ ಆಮ್ಲದ ದ್ರಾವಣದಲ್ಲಿ ಅದ್ದುವುದು) ಮಾಡುತ್ತೀರಿ, ಅಲ್ವಾ? ವೈನಿನವರಿಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ. ಕಾಳು ಸಣ್ಣದಿರಬೇಕು, ತೊಗಲು ದಪ್ಪ ಇರಬೇಕು. ಕೆಂಪು ವೈನಿನ ಬಣ್ಣ, ಒಗರು, ಅರ್ಧ ರುಚಿ ಎಲ್ಲಾ ಇರುವುದು ಆ ತೊಗಲಿನಲ್ಲಿ. ಎಕರೆಗೆ ಹೆಚ್ಚು ಟನ್ ತೆಗೆದವನು ಮಣೂಕದಲ್ಲಿ ಜಾಣ. ವೈನಿನ ತೋಟದಲ್ಲಿ ನಾವು ಗೊನೆ ಕಿತ್ತು ಕಿತ್ತು ನೆಲಕ್ಕೆ ಹಾಕಿ, ಎಕರೆಗೆ ನಾಲ್ಕೈದು ಟನ್ನಿಗೆ ನಿಲ್ಲಿಸುತ್ತೇವೆ. ಮೊದಲ ವರ್ಷ ಇದನ್ನು ನೋಡಿದ ರೈತರ ಮುಖ ನಾನು ಮರೆತಿಲ್ಲ. ಕಾಳು ಕಟ್ಟಿದ ಗೊನೆಯನ್ನು ಕೈಯಾರೆ ಕತ್ತರಿಸಿ ಎಸೆಯುವುದು ಅಂದರೆ ಹೊಟ್ಟೆ ಉರಿಯುತ್ತದೆ.

ಕ್ಯಾಬರ್ನೆ ಸುವಿನ್ಯೋ, ಶಿರಾಜ್, ಸುವಿನ್ಯೋ ಬ್ಲಾಂಕ್, ಚೆನಿನ್ ಬ್ಲಾಂಕ್. ವೈನರಿಯವರು ಕೇಳುವ ಹೆಸರು ಇವು. ಬೆಂಗಳೂರು ಸುತ್ತಮುತ್ತ ಬೆಳೆಯುವ ಬೆಂಗಳೂರು ಬ್ಲೂ ತಳಿಗೆ 2013ರಲ್ಲಿ ಜಿಐ, ಅಂದರೆ ಆ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು ಸಿಕ್ಕಿದೆ. ಅದರಿಂದ ಸಿಹಿ ಪೋರ್ಟ್ ಥರದ ವೈನ್ ಮಾಡುತ್ತಾರೆ. ಆದರೆ ಅದು ಆ ಮಣ್ಣಿನ ಬೆಳೆ, ನಿಮ್ಮ ಕಡೆಗೆ ನಾನು ಅದನ್ನು ಹೇಳುವುದಿಲ್ಲ. ನಿಮ್ಮಲ್ಲಿ ಬಿಸಿಲು ಜಾಸ್ತಿ, ಹವೆ ಒಣ, ರೋಗ ಕಮ್ಮಿ. ಶಿರಾಜ್ ಚೆನ್ನಾಗಿ ಬರುತ್ತದೆ.

ಸಮಯದ ಲೆಕ್ಕ ಹೀಗಿದೆ. ಡಾಗ್‌ರಿಡ್ಜ್ ಬೇರುಗಿಡವನ್ನು ಫೆಬ್ರವರಿ, ಮಾರ್ಚಿನಲ್ಲಿ ನೆಟ್ಟರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಕಸಿ. ಮರುವರ್ಷ ಏಪ್ರಿಲ್ ಚಾಟ್ನಿ (ಬಳ್ಳಿ ಸವರುವುದು), ಅಕ್ಟೋಬರ್ ಚಾಟ್ನಿ. ಅದರ ಮುಂದಿನ ಫೆಬ್ರವರಿ, ಮಾರ್ಚಿಗೆ ಮೊದಲ ಹಣ್ಣು. ಅಂದರೆ ನೆಟ್ಟು ಎರಡು ವರ್ಷ. ಆ ಹಣ್ಣು ವೈನಾಗಿ ಬಾಟಲಿಗೆ ಇಳಿಯಲು ಬಿಳಿಯದಾದರೆ ಆರೇಳು ತಿಂಗಳು, ಕೆಂಪಾದರೆ ಒಂದೂವರೆ ಎರಡು ವರ್ಷ. ಇವತ್ತು ಸಾಲ ತೆಗೆದರೆ ಮೊದಲ ಬಾಟಲಿಯ ದುಡ್ಡು ಕೈಗೆ ಬರುವಷ್ಟರಲ್ಲಿ ನಾಲ್ಕು ವರ್ಷದ ಬಡ್ಡಿ ಕಟ್ಟಿರುತ್ತೀರಿ.

ಬಾಟಲಿಯ ಲೆಕ್ಕವನ್ನೂ ಹಾಕಿ ನೋಡಿ. ಒಂದು ಟನ್ ಹಣ್ಣಿಗೆ ಸುಮಾರು 600 ಲೀಟರ್ ವೈನ್. 750 ಮಿಲಿಯ 800 ಬಾಟಲಿ. ಆರೂ ಎಕರೆಯನ್ನು ವೈನ್ ದ್ರಾಕ್ಷಿ ಮಾಡಿ ಎಕರೆಗೆ ಐದು ಟನ್ ತೆಗೆದರೆ 30 ಟನ್, 24,000 ಬಾಟಲಿ. ವರ್ಷದ ಪ್ರತಿ ದಿನ, ಹಬ್ಬ ಹರಿದಿನ ಬಿಡದೆ, ಸುಮಾರು 66 ಬಾಟಲಿ ಮಾರಬೇಕು. ಯಾರಿಗೆ? ಅಂಗಡಿಯ ಕಪಾಟಿನಲ್ಲಿ ದೊಡ್ಡ ಕಂಪನಿಗಳ ಬಾಟಲಿಗಳು ಮೊದಲೇ ನಿಂತಿವೆ. ಹಣ್ಣು ಬೆಳೆಯುವುದು, ವೈನ್ ಮಾಡುವುದು ಕಲಿತರೆ ಬರುತ್ತದೆ. ಮಾರುವುದರಲ್ಲೇ ಸಣ್ಣ ವೈನರಿಗಳು ಕಾಲು ಮುರಿದುಕೊಂಡದ್ದನ್ನು ನಾನು ಜಾಸ್ತಿ ನೋಡಿದ್ದೇನೆ.

ಒಂದು ರಾತ್ರಿಯ ಕಥೆ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ಸಣ್ಣ ವೈನರಿ, ಮಾರ್ಚ್ ತಿಂಗಳು. 5,000 ಲೀಟರಿನ ಟ್ಯಾಂಕಿನಲ್ಲಿ ಶಿರಾಜ್ ಕುದಿಯುತ್ತಿತ್ತು. ಕುದಿಯುವುದು ಅಂದರೆ ಬೆಂಕಿಯಿಂದಲ್ಲ, ಯೀಸ್ಟ್ ಸಕ್ಕರೆ ತಿನ್ನುವಾಗ ತಾನೇ ಬಿಸಿಯಾಗಿ ಗುಳು ಗುಳು ಅನ್ನುತ್ತದೆ. ಮೇಲೆ ತೊಗಲೆಲ್ಲಾ ತೇಲಿ ಬಂದು ಒಂದೂವರೆ ಅಡಿ ದಪ್ಪ ಕೆನೆ ಕಟ್ಟಿರುತ್ತದೆ. ಅದನ್ನು ದಿನಕ್ಕೆ ಮೂರು ಸಲ ಕೋಲಿನಿಂದ ಒತ್ತಿ ಮುಳುಗಿಸಬೇಕು. ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯಿತು. ಜನರೇಟರಿಗೆ ಡೀಸೆಲ್ ತುಂಬಿಸಿದ್ದಾರೆ ಅಂತ ನಾನು ನಂಬಿದ್ದೆ, ನೋಡಿರಲಿಲ್ಲ. ಅದು ಖಾಲಿ ಇತ್ತು. 28 ಡಿಗ್ರಿ ದಾಟಬಾರದ ಟ್ಯಾಂಕು ಬೆಳಗಿನ ಜಾವಕ್ಕೆ 38 ತೋರಿಸುತ್ತಿತ್ತು. ಬೆಳಿಗ್ಗೆ ಕಿವಿಯಿಟ್ಟು ಕೇಳಿದೆ, ಗುಳು ಗುಳು ಸದ್ದು ನಿಂತುಹೋಗಿತ್ತು. ಯೀಸ್ಟ್ ಸತ್ತಿತ್ತು, ಸಕ್ಕರೆ ಅರ್ಧ ಉಳಿದಿತ್ತು. ವಾರದಲ್ಲಿ ಟ್ಯಾಂಕಿನ ಬಾಯಿ ತೆಗೆದರೆ ಉಗುರಿಗೆ ಹಚ್ಚುವ ಬಣ್ಣದ ವಾಸನೆ. ನಾಲ್ಕು ಟನ್ ಹಣ್ಣು ವಿನಿಗರಿನ ಕಡೆ ಹೋಯಿತು. ಆ ಹಣ್ಣು ಕೊಟ್ಟ ರೈತರೊಬ್ಬರು ಬಂದು ‘ನಮ್ಮ ಮಾಲಿನ ವೈನ್ ಹೆಂಗಾಗೇತ್ರಿ?’ ಅಂತ ಕೇಳಿದಾಗ ತಲೆ ಎತ್ತಿ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಅವತ್ತಿನಿಂದ ಮಲಗುವ ಮೊದಲು ಡೀಸೆಲ್ ಟ್ಯಾಂಕಿಗೆ ನಾನೇ ಕೋಲು ಇಳಿಸಿ ನೋಡುತ್ತೇನೆ. ನಿಮ್ಮ ಕಡೆ ಹಣ್ಣು ಬರುವ ಹೊತ್ತಿಗೆ ಮಧ್ಯಾಹ್ನ 36, 37 ಡಿಗ್ರಿ ಬಿಸಿಲು. ತಣ್ಣಗೆ ಮಾಡುವ ಚಿಲ್ಲರ್, ಅದಕ್ಕೆ ಬ್ಯಾಕಪ್, ಇವೆರಡು ಇಲ್ಲದೆ ವೈನರಿಯ ಮಾತೇ ಬೇಡ.

ಇನ್ನು ರಾಜ್ಯದ ಗಡಿಯ ವಿಷಯ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಎಂಟನೆಯದು ಮಾದಕ ಪಾನೀಯ. ತಯಾರಿಕೆ, ಸಾಗಣೆ, ಮಾರಾಟ ಎಲ್ಲಾ ಆಯಾ ರಾಜ್ಯದ ಕೈಯಲ್ಲಿ. ಅದಕ್ಕೇ ಕುಡಿಯುವ ಮದ್ಯಕ್ಕೆ ಜಿಎಸ್‌ಟಿ ಇಲ್ಲ, ರಾಜ್ಯದ ಅಬಕಾರಿ ಸುಂಕ ಇದೆ. ಇದು ನಮ್ಮ ಹಕ್ಕು ಅಂತ ಯಾರೂ ಕೋರ್ಟಿಗೆ ಹೋಗಿ ಗೆಲ್ಲುವ ಹಾಗಿಲ್ಲ. ಬೆಂಗಳೂರಿನ ಖೋಡೆ ಕಂಪನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟ್ 1990ರ ದಶಕದಲ್ಲಿ ಸ್ಪಷ್ಟವಾಗಿ ಹೇಳಿತು, ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ. 2024ರ ಅಕ್ಟೋಬರಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕಾರ್ಖಾನೆಗೆ ಬಳಸುವ ಆಲ್ಕೋಹಾಲಿನ ಮೇಲೂ ರಾಜ್ಯಗಳಿಗೆ ಅಧಿಕಾರ ಇದೆ ಅಂದಿತು. ರಾಜ್ಯದ ಹಿಡಿತ ಬಿಗಿಯಾಗಿದೆಯೇ ಹೊರತು ಸಡಿಲವಾಗಿಲ್ಲ.

ನಿಮ್ಮೂರಿಂದ ಸೊಲ್ಲಾಪುರ ಎಷ್ಟು ದೂರ? ನೂರು ಕಿಲೋಮೀಟರಿನ ಆಜುಬಾಜು. ದ್ರಾಕ್ಷಿ ತುಂಬಿದ ಗಾಡಿ ಅಲ್ಲಿಗೆ ಹೋದರೆ ಯಾರೂ ತಡೆಯುವುದಿಲ್ಲ. ಅದೇ ದ್ರಾಕ್ಷಿಯ ವೈನ್ ತುಂಬಿದ ಗಾಡಿಗೆ ಪರ್ಮಿಟ್ ಬೇಕು, ಅಲ್ಲಿ ಮಾರಲು ಆ ರಾಜ್ಯದ ಶುಲ್ಕ, ಆ ರಾಜ್ಯದ ಲೇಬಲ್ ಒಪ್ಪಿಗೆ ಬೇಕು. ಬಾಟಲಿ ಮೇಲೆ ‘ಕರ್ನಾಟಕದಲ್ಲಿ ಮಾತ್ರ ಮಾರಾಟಕ್ಕೆ’ ಅಂತ ಬರೆಯುವುದು ಇದಕ್ಕೇ. ನಾಸಿಕ್‌ನ ಸುಲಾ ಚನ್ನಪಟ್ಟಣದ ಹತ್ತಿರ ಒಂದು ವೈನರಿ ಇಟ್ಟುಕೊಂಡಿರುವುದರ ಹಿಂದೆಯೂ ಈ ಗಡಿಯ ಲೆಕ್ಕ ಇದೆ. ಬೆಂಗಳೂರಿನ ಜಾನ್ ಡಿಸ್ಟಿಲರೀಸ್ ತನ್ನ ಪಾಲ್ ಜಾನ್ ಮಾಲ್ಟ್ ವಿಸ್ಕಿಯನ್ನು ಮಾಡುವುದು ಗೋವಾದಲ್ಲಿ. ನಮ್ಮ ರಾಜ್ಯದೊಳಗೆ ಮದ್ಯ, ಬಿಯರ್ ಎಲ್ಲಾ 2003ರಿಂದ ಸರ್ಕಾರದ ಪಾನೀಯ ನಿಗಮದ ಡಿಪೋ ಮೂಲಕವೇ ಅಂಗಡಿಗೆ ಹೋಗಬೇಕು. ಲೈಸೆನ್ಸ್ ವರ್ಷ ನಡೆಯುವುದು ಜುಲೈ 1ರಿಂದ ಜೂನ್ 30ಕ್ಕೆ. ವರ್ಷ ವರ್ಷ ನವೀಕರಣ, ಶುಲ್ಕ, ತಪಾಸಣೆ.

ಹಾಗಾಗಿ ನಾನು ಹೇಳುವುದು ಇದು. ಗಡಿ ಇಲ್ಲದ, ಅಬಕಾರಿ ಇಲ್ಲದ ಕಡೆ ಮೊದಲು ಕಾಲಿಡಿ. ಹಣ್ಣು ಗಿಡದಲ್ಲಿರುವವರೆಗೆ, ಕ್ರೇಟಿನಲ್ಲಿರುವವರೆಗೆ ಅದು ಬರೀ ರೈತನ ಮಾಲು. ಅದನ್ನು ಹಿಂಡಿ, ಹುದುಗು ಹತ್ತಿತೋ, ಅಲ್ಲಿಂದ ಅದು ಅಬಕಾರಿಯ ಮಾಲು. ಮೊದಲು ನೀವು ವೈನರಿಗೆ ಹಣ್ಣು ಕೊಡುವ ರೈತರಾಗಿ. ಆರರಲ್ಲಿ ಒಂದು ಎಕರೆ ಸಾಕು, ಐದು ಎಕರೆ ಮಣೂಕ ಹಾಗೇ ಇರಲಿ. ಗಿಡ ಹಾಕುವ ಮೊದಲೇ ವೈನರಿಯ ಜೊತೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಯಾವ ತಳಿ, ಎಷ್ಟು ಟನ್, ಎಷ್ಟು ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) ಇದ್ದರೆ ಎಷ್ಟು ರೇಟ್, ದುಡ್ಡು ಎಷ್ಟು ದಿನದಲ್ಲಿ, ಎಲ್ಲಾ ಕಾಗದದ ಮೇಲೆ ಇರಲಿ. ‘ಬೆಳೀರಿ, ಆಮೇಲೆ ನೋಡೋಣ’ ಅಂದವರನ್ನು ನಂಬಿ ಒಂದು ಗಿಡವನ್ನೂ ಹಾಕಬೇಡಿ. ವೈನ್ ದ್ರಾಕ್ಷಿಯನ್ನು ವೈನರಿ ಬೇಡ ಅಂದರೆ ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಕಾಳು ಸಣ್ಣದು, ಬೀಜ ತುಂಬ. ಮಣೂಕವೂ ಆಗುವುದಿಲ್ಲ.

ಮಗನಿಗೆ ನಿಜವಾಗಿ ಆಸಕ್ತಿ ಇದ್ದರೆ ಎರಡು ಸುಗ್ಗಿ ಯಾವುದಾದರೂ ವೈನರಿಯಲ್ಲಿ ಕೆಲಸಕ್ಕೆ ಕಳಿಸಿ. ಟ್ಯಾಂಕು ತೊಳೆಯುವುದರಿಂದ ಶುರು ಮಾಡಲಿ. ಪುಣೆ ಹತ್ತಿರದ ಮಾಂಜರಿಯಲ್ಲಿ ಕೇಂದ್ರ ಸರ್ಕಾರದ ದ್ರಾಕ್ಷಿ ಸಂಶೋಧನಾ ಕೇಂದ್ರ ಇದೆ, ಬಾಗಲಕೋಟೆಯಲ್ಲಿ ನಮ್ಮದೇ ತೋಟಗಾರಿಕಾ ವಿಶ್ವವಿದ್ಯಾಲಯ ಇದೆ. ಹೋಗಿ ಬರಲಿ. ಅಷ್ಟಾದ ಮೇಲೂ ವೈನರಿ ಬೇಕು ಅನಿಸಿದರೆ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಹೋಗಿ ವಿಚಾರಿಸಿ. ಅಬಕಾರಿ ಲೈಸೆನ್ಸ್ ಜೊತೆಗೆ ಕಟ್ಟಡದ ಜಾಗಕ್ಕೆ ಭೂ ಪರಿವರ್ತನೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಆಹಾರ ಸುರಕ್ಷತೆಯ ಲೈಸೆನ್ಸ್ ಇವೂ ಬೇಕಾಗುತ್ತವೆ. ಕಟ್ಟಡದ ನಕ್ಷೆ ಒಪ್ಪಿಗೆ ಆಗುವ ಮೊದಲು ಒಂದು ಕಲ್ಲನ್ನೂ ಇಡಬೇಡಿ.

ಒಂದು ಎಚ್ಚರಿಕೆ, ಇದನ್ನು ಮಗನಿಗೆ ಎರಡು ಸಲ ಓದಿ ಹೇಳಿ. ‘ಮೊದಲು ಮನೆಯಲ್ಲಿ ಒಂದು ಡ್ರಮ್ಮಿನಲ್ಲಿ ಮಾಡಿ ನೋಡೋಣ’ ಅಂತ ಹುಡುಗರು ಶುರು ಮಾಡುತ್ತಾರೆ. ಫೋನಿನಲ್ಲಿ ವಿಡಿಯೋ ಬೇಕಾದಷ್ಟು ಇವೆ. ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. 32ನೇ ಸೆಕ್ಷನ್ನಿನಲ್ಲಿ ಜೈಲು ಶಿಕ್ಷೆಯೇ ಇದೆ. ಭಟ್ಟಿ ಇಳಿಸುವುದಂತೂ ಜೀವಕ್ಕೇ ಅಪಾಯ. ಟ್ರಯಲ್ ನೋಡಬೇಕಾದರೆ ಲೈಸೆನ್ಸ್ ಇರುವ ವೈನರಿಗೆ ನಿಮ್ಮ ಹಣ್ಣು ಒಯ್ದು ಕೊಟ್ಟು, ಅವರ ಕೈಯಿಂದ ಸಣ್ಣ ಬ್ಯಾಚ್ ಮಾಡಿಸಿ ನೋಡಿ.

ಅವ್ವನ ಮಾತು ಬಾಕಿ ಉಳಿಯಿತು. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸಾರಾಯಿ ಕಾಲದಲ್ಲಿ ಊರ ಹೆಣ್ಣುಮಕ್ಕಳು ಏನೇನು ಅನುಭವಿಸಿದರು ಅನ್ನುವುದನ್ನು ಅವರ ವಯಸ್ಸಿನವರು ಕಣ್ಣಾರೆ ಕಂಡಿದ್ದಾರೆ. ವೈನಿನಲ್ಲೂ ಹನ್ನೆರಡು ಹದಿಮೂರು ಭಾಗ ಆಲ್ಕೋಹಾಲ್ ಇದೆ, ಅದು ಹಣ್ಣಿನ ರಸ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹಣ್ಣು ಬೆಳೆದು ಕೊಡುವುದಕ್ಕೆ ಅವರು ಒಪ್ಪಬಹುದು, ಮನೆಯಲ್ಲಿ ಫ್ಯಾಕ್ಟರಿಗೆ ಒಪ್ಪದೆ ಇರಬಹುದು. ಅದು ನಿಮ್ಮ ಮನೆಯ ತೀರ್ಮಾನ, ಅವರನ್ನು ಕೂರಿಸಿಕೊಂಡೇ ಮಾಡಿ. ಅವರಿಗೆ ಗೊತ್ತಿಲ್ಲದ ಹಾಗೆ ಸಾಲದ ಕಾಗದಕ್ಕೆ ಸಹಿ ಹಾಕಬೇಡಿ.

ಸದ್ಯಕ್ಕೆ ಒಂದು ಕೆಲಸ ಮಾಡಿ. ನಿಮ್ಮ ತೋಟದ ಬೋರಿನ ನೀರು ಮತ್ತು ಮಣ್ಣನ್ನು ಪರೀಕ್ಷೆ ಮಾಡಿಸಿ, ಉಪ್ಪಿನ ಅಂಶ ಎಷ್ಟಿದೆ ನೋಡಿ. ನಿಮ್ಮ ಭಾಗದಲ್ಲಿ ಬಹಳ ಬೋರುಗಳ ನೀರು ಸವಳು. ಸವಳು ನೀರಿನ ರುಚಿ ವೈನಿನಲ್ಲಿ ಬಂದೇ ಬರುತ್ತದೆ. ಬ್ರಿಕ್ಸ್ ನೋಡುವ ಕೈಯಳತೆಯ ರಿಫ್ರ್ಯಾಕ್ಟೋಮೀಟರ್ ಒಂದು ತರಿಸಿಕೊಳ್ಳಿ. ಈ ಸಲ ಹಣ್ಣು ಮಾಗುವ ಹೊತ್ತಿಗೆ ಬೆಳಿಗ್ಗೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ, ಒಂದೇ ಸಾಲಿನ ಗಿಡಗಳಿಂದ ಕಾಳು ಹಿಂಡಿ ಓದಿ ಬರೆದಿಡಿ. ರಾತ್ರಿ ಎಷ್ಟು ತಂಪಾಗುತ್ತದೆ ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ. ವೈನರಿಯವರು ಬಂದಾಗ ಮೊದಲು ಕೇಳುವುದು ಇವೇ ಮೂರು. ಆ ವಹಿಯನ್ನು ಅವರ ಮುಂದೆ ಇಟ್ಟು ರೇಟಿನ ಮಾತಿಗೆ ಕೂತುಕೊಳ್ಳಿ.